ಧ್ರುವ ಪ್ರದೇಶದ ಅಂಚೆಚೀಟಿ ಕೂಡಿಸಬೇಕೆ? ಮೊದಲು ಠಸ್ಸೆ ನೋಡಿ

ಅಂಟಾರ್ಕ್ಟಿಕಾದ ಅಂಚೆಚೀಟಿ ಅಂದ್ರೆ ಎಲ್ಲರೂ ಪೆಂಗ್ವಿನ್ ಚಿತ್ರ ಹುಡುಕುತ್ತಾರೆ. ಚಿತ್ರ ಚೆಂದವೇ. ಆದರೆ ಈ ಸಂಗ್ರಹದಲ್ಲಿ ಠಸ್ಸೆಗೇ, ಅಂದ್ರೆ ಚೀಟಿಯ ಮೇಲೆ ಅಂಚೆ ಕಚೇರಿ ಒತ್ತುವ ಮುದ್ರೆಗೇ, ಬೆಲೆ ಜಾಸ್ತಿ. ಪತ್ರ ಯಾವ ನೆಲೆಯಿಂದ, ಯಾವ ದಿನ ಹೊರಟಿತು ಎಂದು ಹೇಳುವುದು ಅದೇ ಅಲ್ವಾ? ಹಾಗಾಗಿ ಹಳೆ ಪಾಕೀಟು ಸಿಕ್ಕರೆ ಚೀಟಿಯನ್ನು ಕತ್ತರಿಸಿ ತೆಗೆಯಬೇಡಿ. ಇಡೀ ಪಾಕೀಟನ್ನೇ ಇಡಿ.

ನಮ್ಮ ದೇಶದ ಚೀಟಿಗಳಿಂದ ಶುರು ಮಾಡಿ. ಎಸ್.ಝಡ್. ಖಾಸಿಂ ನೇತೃತ್ವದ ಮೊದಲ ಭಾರತೀಯ ತಂಡ 1982ರ ಜನವರಿಯಲ್ಲಿ ಅಂಟಾರ್ಕ್ಟಿಕಾ ಮುಟ್ಟಿತು. ಅದರ ನೆನಪಿಗೆ 1983ರಲ್ಲಿ 1 ರೂಪಾಯಿಯ ಚೀಟಿ ಬಂತು. 1991ರಲ್ಲಿ ಅಂಟಾರ್ಕ್ಟಿಕ್ ಒಪ್ಪಂದದ ಜೋಡಿ ಚೀಟಿ ಬಂತು. ಅದು ಜೋಡಿಯಾಗಿಯೇ ಅಚ್ಚಾಗಿದೆ, ಬಿಡಿಸಿದರೆ ಕೆಟ್ಟಿತು. 2009ರಲ್ಲಿ ಧ್ರುವ ಪ್ರದೇಶ ಮತ್ತು ಹಿಮನದಿಗಳನ್ನು ಉಳಿಸಿ ಎಂದು ಹಲವು ದೇಶಗಳು ಚೀಟಿ ತಂದವು. ಅದರಲ್ಲಿ ಭಾರತವೂ ಇತ್ತು. ಈ ಮೂರು ಸಿಕ್ಕರೆ ಆಲ್ಬಮ್ಮಿನ ಮೊದಲ ಪುಟ ತಯಾರು. ಹೊಸ ಚೀಟಿಗಳಿಗಾಗಿ ಕಲಬುರಗಿಯ ಪ್ರಧಾನ ಅಂಚೆ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿ ಸಿಗದಿದ್ದರೆ ಸಂಗ್ರಾಹಕರಿಗೆ ಚೀಟಿ ಮಾರುವ ಬೆಂಗಳೂರು ಜಿಪಿಒದ ಫಿಲಾಟೆಲಿ ಬ್ಯೂರೋ ಇದೆ. ಹಳೆಯವು ಬೇಕಾದರೆ ಚೀಟಿ ಮಾರುವವರನ್ನೇ ಹಿಡಿಯಬೇಕು.

ಇನ್ನು ಠಸ್ಸೆಯ ಮಾತು. ಅಂಟಾರ್ಕ್ಟಿಕಾದಲ್ಲಿ ಭಾರತದ ಮೊದಲ ಸಂಶೋಧನಾ ನೆಲೆಯಾದ ದಕ್ಷಿಣ ಗಂಗೋತ್ರಿಯಲ್ಲಿ 1984ರಲ್ಲಿ ನಮ್ಮ ಅಂಚೆ ಕಚೇರಿ ತೆರೆಯಿತು. ಆ ನೆಲೆ ಮಂಜಿನಲ್ಲಿ ಹೂತು ಹೋಯಿತು. 1990ರಲ್ಲಿ ಕಚೇರಿ ಮೈತ್ರಿ ನೆಲೆಗೆ ಬಂತು. ಅಂದರೆ ದಕ್ಷಿಣ ಗಂಗೋತ್ರಿಯ ಠಸ್ಸೆ ಇನ್ನು ಮುಂದೆ ಯಾವ ಪತ್ರಕ್ಕೂ ಬೀಳುವುದಿಲ್ಲ. ಸಿಕ್ಕರೆ ಬಿಡಬೇಡಿ. 2024ರಲ್ಲಿ ಭಾರತಿ ನೆಲೆಯಲ್ಲೂ ಅಂಚೆ ಸೇವೆ ಶುರುವಾಯಿತು. ಅದರ ಪಿನ್ ಎಂಎಚ್-1718.

ನಿಮ್ಮದೇ ಹೆಸರಿನ ಪತ್ರಕ್ಕೆ ಅಲ್ಲಿಯ ಠಸ್ಸೆ ಬೇಕೆಂದರೆ ದಾರಿ ಗೋವಾದ ಮೂಲಕ. ಸಂಗ್ರಾಹಕರ ಪತ್ರಗಳು ಗೋವಾದಲ್ಲಿ ಕೂಡಿ, ತಂಡದ ಜೊತೆ ಹೋಗಿ, ಠಸ್ಸೆ ಹಾಕಿಸಿಕೊಂಡು ತಿರುಗಿ ಬರುವುದು ಹಳೆಯ ಪದ್ಧತಿ. ವಾಸ್ಕೋದಲ್ಲಿರುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರಕ್ಕೆ ಮೊದಲು ಒಂದು ಪತ್ರ ಬರೆದು, ಈ ಸಲ ಪತ್ರ ತೆಗೆದುಕೊಳ್ಳುತ್ತಾರೆಯೇ ಎಂದು ಕೇಳಿ. ಒಪ್ಪಿದರೆ ನಿಮ್ಮ ವಿಳಾಸ ಬರೆದ, ಚೀಟಿ ಹಚ್ಚಿದ ಪಾಕೀಟನ್ನು ಇನ್ನೊಂದು ದೊಡ್ಡ ಪಾಕೀಟಿನಲ್ಲಿಟ್ಟು ಕಳಿಸಿ. ವಿಳಾಸವನ್ನು ಕೆಳಭಾಗದಲ್ಲಿ ಸಣ್ಣಗೆ ಬರೆಯಿರಿ, ಠಸ್ಸೆಗೆ ಜಾಗ ಬೇಕು. ಅಂಟಾರ್ಕ್ಟಿಕಾದಲ್ಲಿ ಕೆಲಸ ನಡೆಯುವುದು ಹೆಚ್ಚಾಗಿ ನವೆಂಬರಿನಿಂದ ಮಾರ್ಚ್‌ವರೆಗಿನ ಅಲ್ಲಿಯ ಬೇಸಿಗೆಯಲ್ಲಿ. ಆದ್ದರಿಂದ ಉತ್ತರಕ್ಕೆ ಅವಸರ ಮಾಡಬೇಡಿ.

ವಿದೇಶದವು ಸಾಗರದಷ್ಟಿವೆ. ಅಂಟಾರ್ಕ್ಟಿಕಾದಲ್ಲಿ ನ್ಯೂಜಿಲೆಂಡ್ ತನ್ನದೆನ್ನುವ ರಾಸ್ ಡಿಪೆಂಡೆನ್ಸಿ, ಆಸ್ಟ್ರೇಲಿಯಾದ ಅಂಟಾರ್ಕ್ಟಿಕ್ ಪ್ರಾಂತ್ಯ ಎರಡರ ಚೀಟಿಗಳೂ ಶುರುವಾದದ್ದು 1957ರಲ್ಲಿ. ಆರ್ಕ್ಟಿಕ್ ಕಡೆ ಗ್ರೀನ್‌ಲೆಂಡಿನವು 1938ರಿಂದ ಇವೆ. ಪೋಸ್ಟ್‌ಕಾರ್ಡ್ ಇಷ್ಟವಾದರೆ ಪೋರ್ಟ್ ಲಾಕ್ರಾಯ್ ಹೆಸರು ನೆನಪಿಡಿ. ಅಂಟಾರ್ಕ್ಟಿಕಾದಲ್ಲಿ ಪೆಂಗ್ವಿನ್‌ಗಳ ನಡುವೆ ಇರುವ ಬ್ರಿಟಿಷ್ ಅಂಚೆ ಕಚೇರಿ ಅದು.

ಸೋವಿಯತ್ ಕಾಲದ ಐಸ್‌ಬ್ರೇಕರ್ (ಮಂಜುಗಡ್ಡೆ ಒಡೆದು ಸಾಗುವ) ಹಡಗುಗಳ ಚೀಟಿ ಅಗ್ಗಕ್ಕೆ ಸಿಗುತ್ತವೆ, ಶಾಲೆಯ ಮಕ್ಕಳಿಗೆ ಒಳ್ಳೆಯ ಶುರುವಾತು. ಒಂದು ಮಾತ್ರ ನೋಡಿ. ಮುಂದೆ ಠಸ್ಸೆ ಇದ್ದು ಹಿಂದೆ ಅಂಟು ಹಾಗೇ ಇದ್ದರೆ, ಅದು ಪತ್ರದ ಮೇಲೆ ಹೋದದ್ದಲ್ಲ. ಸಂಗ್ರಾಹಕರಿಗೆಂದೇ ಠಸ್ಸೆ ಹಾಕಿ ಮಾರಿದ್ದು. ಧ್ರುವಕ್ಕೆ ಹೋಗಿ ಬಂದಿದ್ದು ಎಂದು ಯಾರಾದರೂ ಹೇಳಿದರೆ ಜಾಸ್ತಿ ದುಡ್ಡು ಕೊಡಬೇಡಿ.

ಕೂಡಿಸಿದ್ದನ್ನು ನಮ್ಮ ಕಲಬುರಗಿ ಭಾಗದಲ್ಲಿ ಕಾಪಾಡುವುದೇ ಕಷ್ಟ. ಬೇಸಿಗೆಯ 40 ಡಿಗ್ರಿ ದಾಟುವ ಒಣ ಬಿಸಿಲಿಗೆ ಅಂಟು ಒಣಗಿ ಚೀಟಿ ಸುರುಳಿಯಾಗುತ್ತದೆ. ಮಳೆಗಾಲದಲ್ಲಿ ಅದೇ ಅಂಟು ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ತಗಡಿನ ಮಾಳಿಗೆಯ ಕೆಳಗೆ, ಪಡುವಣ ಗೋಡೆಗೆ ಹೊಂದಿಸಿ ಇಡಬೇಡಿ. ಶಹಾಬಾದ್ ಫರಸಿಯ ಮೇಲೂ ಬೇಡ, ತೇವ ಏರುತ್ತದೆ. ಅಲ್ಮೇರಾದ ನಡುವಿನ ಹಲಗೆಯಲ್ಲಿ ಆಲ್ಬಮ್ಮನ್ನು ಮಲಗಿಸದೆ ನಿಲ್ಲಿಸಿ ಇಡಿ, ಆಗ ಪುಟಗಳ ಮೇಲೆ ಭಾರ ಬೀಳುವುದಿಲ್ಲ. ಚಿಮಟದಿಂದಲೇ ಹಿಡಿಯಿರಿ. ಸೆಲೋಟೇಪಂತೂ ಬೇಡವೇ ಬೇಡ, ಅದರ ಹಳದಿ ಕಲೆ ಮತ್ತೆ ಹೋಗುವುದಿಲ್ಲ.