ಜರ್ಮನಿಯಲ್ಲಿ ಸಂಶೋಧನೆ: ಮೊದಲು ಪ್ರಶ್ನೆ, ಆಮೇಲೆ ವಿಶ್ವವಿದ್ಯಾಲಯ

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಜರ್ಮನಿಗೆ ಬಂದು ಸ್ನಾತಕೋತ್ತರ ಓದು ಮುಗಿಸುತ್ತಿರುವವರು, ಊರಿನಲ್ಲಿದ್ದುಕೊಂಡೇ ಪಿಎಚ್‌ಡಿಗೆ ಅರ್ಜಿ ಸಿದ್ಧಪಡಿಸುತ್ತಿರುವವರು, ಗಂಡನ ಅಥವಾ ಹೆಂಡತಿಯ ಉದ್ಯೋಗದ ನಿಮಿತ್ತ ಇಲ್ಲಿಗೆ ಬಂದು ನಿಂತುಹೋದ ಓದನ್ನು ಮುಂದುವರಿಸಬೇಕೆಂದಿರುವವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ವಿಶ್ವವಿದ್ಯಾಲಯ ಒಳ್ಳೆಯದು ಎಂದು. ಈ ದೇಶದಲ್ಲಿ ಅದು ಎರಡನೆಯ ಪ್ರಶ್ನೆ. ನಾನು ತಿಳಿಯಬೇಕೆಂದಿರುವುದು ಯಾವ ಶಾಸ್ತ್ರಕ್ಕೆ ಸೇರಿದ್ದು, ಆ ಶಾಸ್ತ್ರದವರು ಇಲ್ಲಿ ಹೇಗೆ ಕೆಲಸ ಮಾಡುತ್ತಾರೆ ಎಂಬುದನ್ನು ಮೊದಲು ಅರಿತುಕೊಳ್ಳಬೇಕು. ಏಕೆಂದರೆ ಭೌತಶಾಸ್ತ್ರ, ಎಂಜಿನಿಯರಿಂಗ್, ವೈದ್ಯಕೀಯ, ಇತಿಹಾಸ ಇವುಗಳಲ್ಲಿ ಪಡೆಯುವ ಡಾಕ್ಟರೇಟ್‌ಗಳು ಗೌರವದಲ್ಲಿ ಒಂದೇ ಎನಿಸಿದರೂ ಸಂಬಳ, ಅವಧಿ, ಭಾಷೆ, ಪ್ರಬಂಧದ ಸ್ವರೂಪ, ಮಾರ್ಗದರ್ಶಕರೊಂದಿಗಿನ ಸಂಬಂಧ ಎಲ್ಲದರಲ್ಲೂ ಬೇರೆ ಬೇರೆಯಾಗಿವೆ. ಇದನ್ನು ತಿಳಿಯದೆ ಒಬ್ಬರ ಅನುಭವವನ್ನು ಇನ್ನೊಬ್ಬರು ನಂಬಿ ಹೊರಟಾಗ ವರ್ಷಗಳೇ ವ್ಯರ್ಥವಾಗುತ್ತವೆ.

ಊರಿನ ಒಂದು ಕೆರೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಕೆ.ಸಿ. ವ್ಯಾಲಿ ಯೋಜನೆಯಿಂದ ಕೋಲಾರದ ಕೆರೆಗಳಿಗೆ, ಎಚ್.ಎನ್. ವ್ಯಾಲಿ ಯೋಜನೆಯಿಂದ ಚಿಕ್ಕಬಳ್ಳಾಪುರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಹರಿದು ಬರುತ್ತಿದೆ. ಕೊಳವೆಬಾವಿಗಳು ಸಾವಿರ ಅಡಿ ದಾಟಿದ, ಅಷ್ಟು ಆಳದಿಂದ ಬಂದ ನೀರಿನಲ್ಲೂ ಫ್ಲೋರೈಡ್ ಕಾಡುವ ಸೀಮೆಯಲ್ಲಿ ಬತ್ತಿದ್ದ ಕೆರೆ ತುಂಬಿದ್ದನ್ನು ಕಂಡವರಿಗೆ ಸಂತೋಷದ ಜೊತೆಗೆ ಹಲವು ಸಂದೇಹಗಳೂ ಬರುವುದು ಸಹಜ. ಇಂಗಿದ ನೀರು ಬಂಡೆಯ ಬಿರುಕುಗಳಲ್ಲಿ ಎಲ್ಲಿಯವರೆಗೆ ಹೋಗುತ್ತದೆ, ತನ್ನೊಡನೆ ಏನನ್ನು ಒಯ್ಯುತ್ತದೆ ಎಂದು ಕೇಳುವವರು ಅಂತರ್ಜಲ ವಿಜ್ಞಾನದವರು. ಅವರಿಗೆ ಲೈಪ್‌ಜಿಗ್‌ನಲ್ಲಿರುವ ಹೆಲ್ಮ್‌ಹೋಲ್ಟ್ಸ್ ಪರಿಸರ ಸಂಶೋಧನಾ ಕೇಂದ್ರದಂಥ ಸ್ಥಳ ಸೂಕ್ತ. ಆ ನೀರಿನಲ್ಲಿ ಪಾಚಿ, ಮೀನು, ಸೂಕ್ಷ್ಮಜೀವಿಗಳು ಹೇಗೆ ಬದಲಾಗುತ್ತವೆ ಎಂದು ಕೇಳುವವರಿಗೆ ಬರ್ಲಿನ್‌ನಲ್ಲಿ ಸಿಹಿನೀರಿನ ಜೀವಪರಿಸರ ಮತ್ತು ಒಳನಾಡು ಮೀನುಗಾರಿಕೆಯನ್ನು ಅಧ್ಯಯನ ಮಾಡುವ ಲೈಬ್ನಿಜ್ ಸಂಸ್ಥೆಯಿದೆ. ಅದೇ ನೀರನ್ನು ಇನ್ನಷ್ಟು ಶುದ್ಧಗೊಳಿಸುವ ಸಾಧನವನ್ನು ರೂಪಿಸಬೇಕೆನ್ನುವ ಎಂಜಿನಿಯರ್ ಸ್ಟುಟ್‌ಗಾರ್ಟ್‌ನ ಫ್ರೌನ್‌ಹೋಫರ್ ಸಂಸ್ಥೆಯ ಕಡೆ ನೋಡಬೇಕು.

ಇಷ್ಟಕ್ಕೆ ಕೆರೆಯ ಪ್ರಶ್ನೆಗಳು ಮುಗಿಯುವುದಿಲ್ಲ. ತೂಬು ಎತ್ತುವ ಹಕ್ಕು ಯಾರದು, ಗದ್ದೆಗಳಿಗೆ ನೀರು ಹಂಚುವ ನೀರುಗಂಟಿಯ ಕೆಲಸ ಈಗ ಏನಾಯಿತು, ಬೇರೆ ಊರಿನ ಕೊಳಚೆ ನೀರು ಎಂಬ ತಿಳಿವಳಿಕೆ ಆ ಕೆರೆಯ ಮೇಲಿನ ಜನರ ಭಾವನೆಯನ್ನು ಹೇಗೆ ಬದಲಿಸಿತು ಎಂದು ವರ್ಷಗಟ್ಟಲೆ ಹಳ್ಳಿಯಲ್ಲಿದ್ದು ತಿಳಿಯುವವರು ಮಾನವಶಾಸ್ತ್ರಜ್ಞರು. ಹಾಲೆ ನಗರದಲ್ಲಿ ಸಾಮಾಜಿಕ ಮಾನವಶಾಸ್ತ್ರಕ್ಕೆಂದೇ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯೊಂದಿದೆ. ಕೆರೆ ಕಟ್ಟಿಸಿದವರಿಗೆ, ಅದನ್ನು ಕಾಪಾಡಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟ ಶಾಸನಗಳನ್ನು ಓದಿ ನೀರಾವರಿಯ ಇತಿಹಾಸ ಬರೆಯುವವರಿಗೆ 1962ರಲ್ಲಿ ಸ್ಥಾಪನೆಯಾದ ಹೈಡೆಲ್‌ಬರ್ಗ್‌ನ ದಕ್ಷಿಣ ಏಷ್ಯಾ ಸಂಸ್ಥೆ ಇದೆ. ಕೆರೆ ಒಂದೇ ಆಗಿದ್ದರೂ ಈ ಐವರ ದಿನಚರಿ, ಉಪಕರಣ, ಓದು, ಕೊನೆಗೆ ಬರೆಯುವ ಪ್ರಬಂಧ ಯಾವುದೂ ಒಂದರಂತೆ ಇನ್ನೊಂದು ಇರುವುದಿಲ್ಲ. ಇವರಲ್ಲಿ ಕೆಲವರನ್ನು ಒಟ್ಟಿಗೆ ಕೂರಿಸುವ ಪ್ರಯತ್ನಗಳೂ ಉಂಟು. ಗೋಟಿಂಗೆನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ, ಬೆಂಗಳೂರು ತನ್ನ ಸುತ್ತಲಿನ ಹಳ್ಳಿಗಳಿಗೆ ಹಬ್ಬುವ ಅಂಚಿನಲ್ಲಿ ಬೇಸಾಯ, ಪರಿಸರ, ಸಮಾಜ ಹೇಗೆ ಬದಲಾಗುತ್ತಿವೆ ಎಂಬುದನ್ನು ಅಧ್ಯಯನ ಮಾಡಿದ ದೊಡ್ಡ ಯೋಜನೆ ಇದಕ್ಕೆ ನಿದರ್ಶನ.

ಮೇಲೆ ಹೇಳಿದ ಹೆಸರುಗಳು ಹೊಸಬರನ್ನು ಗೊಂದಲಕ್ಕೀಡುಮಾಡುವುದರಿಂದ ಇವುಗಳ ವ್ಯತ್ಯಾಸವನ್ನು ಸ್ಪಷ್ಟವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ವಿಶ್ವವಿದ್ಯಾಲಯಗಳು ಇಲ್ಲಿ ಬಹುಪಾಲು 16 ರಾಜ್ಯಗಳಿಗೆ ಸೇರಿದವು. ಹೀಗಾಗಿ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ವಿಶ್ವವಿದ್ಯಾಲಯಗಳ ಹೊರಗೆ, ಸಾರ್ವಜನಿಕ ಹಣ ಪಡೆಯುವ ನಾಲ್ಕು ದೊಡ್ಡ ಸಂಶೋಧನಾ ಬಳಗಗಳಿವೆ. 1948ರಲ್ಲಿ ಆರಂಭವಾದ ಮ್ಯಾಕ್ಸ್ ಪ್ಲಾಂಕ್ ಸಂಘದ 80ಕ್ಕೂ ಹೆಚ್ಚು ಸಂಸ್ಥೆಗಳು ಮೂಲ ಸಂಶೋಧನೆಗೆ ಮೀಸಲು. ಅದು ಕೇವಲ ವಿಜ್ಞಾನಿಗಳ ಸಂಘವೆಂದು ನಮ್ಮಲ್ಲಿ ಅನೇಕರು ಭಾವಿಸಿರುತ್ತಾರೆ. ಆದರೆ ಫ್ರಾಂಕ್‌ಫರ್ಟ್‌ನಲ್ಲಿ ಕಾನೂನಿನ ಇತಿಹಾಸಕ್ಕೆ, ಇಟಲಿಯ ಫ್ಲಾರೆನ್ಸ್‌ನಲ್ಲಿ ಕಲಾ ಇತಿಹಾಸಕ್ಕೆ ಅದರ ಸಂಸ್ಥೆಗಳಿವೆ. 1949ರಲ್ಲಿ ಹುಟ್ಟಿದ ಫ್ರೌನ್‌ಹೋಫರ್ ಕೈಗಾರಿಕೆಗೆ ಹತ್ತಿರವಾದದ್ದು, ಅದರ ಸಂಶೋಧನಾ ವೆಚ್ಚದ ಬಹುಪಾಲನ್ನು ಕಂಪನಿಗಳ ಮತ್ತು ಸರ್ಕಾರದ ಯೋಜನೆಗಳಿಂದ ಗಳಿಸಬೇಕು. ಹೆಲ್ಮ್‌ಹೋಲ್ಟ್ಸ್‌ನ 18 ಕೇಂದ್ರಗಳು ಕಣ ವೇಗವರ್ಧಕ, ಬಾಹ್ಯಾಕಾಶ, ಧ್ರುವ ಸಂಶೋಧನೆಯಂಥ ಬೃಹತ್ ಸೌಕರ್ಯಗಳನ್ನು ನಡೆಸುತ್ತವೆ. ಲೈಬ್ನಿಜ್ ಬಳಗದಲ್ಲಿ ಆರ್ಥಿಕ ಅಧ್ಯಯನದಿಂದ ಹಿಡಿದು ವಸ್ತುಸಂಗ್ರಹಾಲಯಗಳವರೆಗೆ 90ಕ್ಕೂ ಹೆಚ್ಚು ಸಂಸ್ಥೆಗಳು ಸೇರಿವೆ. ಇವುಗಳಲ್ಲಿ ನೀವು ಎಲ್ಲಿಯೇ ಕೆಲಸ ಮಾಡಿದರೂ ಡಾಕ್ಟರೇಟ್ ಪದವಿಯನ್ನು ಕೊಡುವುದು ವಿಶ್ವವಿದ್ಯಾಲಯವೇ. ಆದ್ದರಿಂದ ಸಂಸ್ಥೆಯಲ್ಲಿ ಹುದ್ದೆ ಸಿಕ್ಕಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ; ಒಂದು ವಿಶ್ವವಿದ್ಯಾಲಯದ ವಿಭಾಗ ನಿಮ್ಮನ್ನು ಡಾಕ್ಟರೇಟ್ ಅಭ್ಯರ್ಥಿಯಾಗಿ ಒಪ್ಪಿಕೊಂಡಿರಬೇಕು.

ಜರ್ಮನಿಯ ಮೂಲ ಕಾನೂನಿನ, ಅಂದರೆ ಸಂವಿಧಾನದ, 5ನೆಯ ವಿಧಿ ಸಂಶೋಧನೆಯ ಮತ್ತು ಬೋಧನೆಯ ಸ್ವಾತಂತ್ರ್ಯವನ್ನು ಕಾಪಾಡುತ್ತದೆ, ಮತ್ತು ಇದರ ಪರಿಣಾಮ ನಿತ್ಯದ ಕೆಲಸದಲ್ಲಿ ಕಾಣುತ್ತದೆ. ನಮ್ಮ ನೆಟ್, ಜೆಆರ್‌ಎಫ್‌ನಂಥ ದೇಶವ್ಯಾಪಿ ಪ್ರವೇಶ ಪರೀಕ್ಷೆ ಇಲ್ಲಿಲ್ಲ. ಅಭ್ಯರ್ಥಿಯನ್ನು ಆರಿಸುವವರು ಹೆಚ್ಚಾಗಿ ಪ್ರಾಧ್ಯಾಪಕರು ಅಥವಾ ಸಂಶೋಧನಾ ತರಬೇತಿ ಗುಂಪಿನ ಸಮಿತಿ. ಯೋಜನೆಗಳಿಗೆ ಹಣ ಕೊಡುವ ಪ್ರಮುಖ ಸಂಸ್ಥೆಯಾದ ಜರ್ಮನ್ ಸಂಶೋಧನಾ ಪ್ರತಿಷ್ಠಾನವು ಮಾನವಿಕ ಮತ್ತು ಸಮಾಜ ವಿಜ್ಞಾನಗಳು, ಜೀವ ವಿಜ್ಞಾನಗಳು, ಪ್ರಕೃತಿ ವಿಜ್ಞಾನಗಳು, ಎಂಜಿನಿಯರಿಂಗ್ ವಿಜ್ಞಾನಗಳು ಎಂಬ ನಾಲ್ಕು ವಿಭಾಗಗಳನ್ನು ಮಾಡಿಕೊಂಡಿದೆ. ಅರ್ಜಿಗಳನ್ನು ತೂಗುವ ಮಂಡಳಿಗಳ ಸದಸ್ಯರನ್ನು ಆಯಾ ಶಾಸ್ತ್ರದ ವಿದ್ವಾಂಸರೇ ಚುನಾವಣೆಯಲ್ಲಿ ಆರಿಸುತ್ತಾರೆ. ಶಾಸನಶಾಸ್ತ್ರದ ಅರ್ಜಿಯನ್ನು ರಸಾಯನಶಾಸ್ತ್ರದ ಅಳತೆಗೋಲಿನಿಂದ ಅಳೆಯುವುದಿಲ್ಲ ಎಂಬುದೇ ಈ ವ್ಯವಸ್ಥೆಯಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದ ಅಂಶ.

ಈಗ ಶಾಸ್ತ್ರಗಳ ರೀತಿನೀತಿಗೆ ಬರೋಣ. ಭೌತಶಾಸ್ತ್ರದಲ್ಲಿ ಒಬ್ಬಂಟಿ ಕೆಲಸ ಅಪರೂಪ. 1965ರಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2.3 ಕಿ.ಮೀ. ಆಳದಲ್ಲಿ, ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳೆಂಬ ಅತಿ ಸೂಕ್ಷ್ಮ ಕಣಗಳ ಸುಳಿವನ್ನು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ಸಂಶೋಧಕರೊಂದಿಗೆ ಕಂಡುಹಿಡಿದರು. ಅದೇ ನ್ಯೂಟ್ರಿನೊದ ತೂಕವನ್ನು ಅಳೆಯಲು ಕಾರ್ಲ್ಸ್‌ರೂಹೆಯಲ್ಲಿ ಕಟ್ಟಿದ ಕ್ಯಾಟ್ರಿನ್ ಎಂಬ 70 ಮೀಟರ್ ಉದ್ದದ ಪ್ರಯೋಗವು, ಆ ತೂಕ 0.45 ಎಲೆಕ್ಟ್ರಾನ್ ವೋಲ್ಟ್‌ಗಿಂತ (ಕಣಗಳ ತೂಕ ಹೇಳುವ ಅತಿ ಸಣ್ಣ ಮಾನ) ಕಡಿಮೆ ಎಂಬ ಫಲಿತಾಂಶವನ್ನು 2025ರಲ್ಲಿ ಪ್ರಕಟಿಸಿದೆ. ಅಂಥಲ್ಲಿ ಸೇರಿದ ವಿದ್ಯಾರ್ಥಿ ಹಲವು ದೇಶಗಳ ನೂರಕ್ಕೂ ಹೆಚ್ಚು ಜನರ ತಂಡದಲ್ಲಿ ಒಬ್ಬರಾಗಿ, ಸಣ್ಣದೊಂದು ಭಾಗವನ್ನು ಆಳವಾಗಿ ಬಲ್ಲವರಾಗುತ್ತಾರೆ. ಕೆಲಸದ ಭಾಷೆ ಇಂಗ್ಲಿಷ್. ಪ್ರಬಂಧವು ಕೆಲವೊಮ್ಮೆ ಪ್ರಕಟಿತ ಲೇಖನಗಳ ಸಂಕಲನವಾಗಿರುತ್ತದೆ. ಜೀವ ವಿಜ್ಞಾನಗಳಲ್ಲಿ ಈ ಪದ್ಧತಿ ಇನ್ನೂ ಹೆಚ್ಚು. ಅದೇ ಗಣಿ 2001ರಲ್ಲಿ ಮುಚ್ಚಿದ ಮೇಲೆ ಕಾರ್ಮಿಕರ ಬದುಕು, ಸೈನೈಡ್ ದಿಬ್ಬಗಳು, ಗಣಿಗಾರಿಕೆಯ ನೆನಪು ಇವುಗಳ ಮೇಲೆ ಕೆಲಸ ಮಾಡಬೇಕೆನ್ನುವವರು ಬೋಹುಮ್‌ನ ಗಣಿಗಾರಿಕೆ ವಸ್ತುಸಂಗ್ರಹಾಲಯವನ್ನು ನೋಡಬೇಕು. ಅದು ಪ್ರದರ್ಶನಾಲಯವಷ್ಟೇ ಅಲ್ಲ, ಲೈಬ್ನಿಜ್ ಬಳಗದ ಸಂಶೋಧನಾ ಸಂಸ್ಥೆಯೂ ಹೌದು.

ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಎಂಬುದು ಮುಖ್ಯವಾಗಿ ಉದ್ಯೋಗ. ಕಂಪನಿಗಳ ಯೋಜನೆ, ಬೋಧನೆ, ಪ್ರಯೋಗಾಲಯದ ಜವಾಬ್ದಾರಿ ಎಲ್ಲವನ್ನೂ ಹೊತ್ತು, ಪೂರ್ಣ ಸಂಬಳ ಪಡೆದು, ಐದು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ದುಡಿಯುವುದು ಸಾಮಾನ್ಯ. ಪಾವಗಡದ 13,000 ಎಕರೆಯ ಸೌರ ಉದ್ಯಾನವನ್ನು ಕಂಡು ಬೆಳೆದವರಿಗೆ ಫ್ರೈಬುರ್ಗ್‌ನ ಫ್ರೌನ್‌ಹೋಫರ್ ಸೌರಶಕ್ತಿ ಸಂಸ್ಥೆಯ ಒಂದು ಕೆಲಸ ವಿಶೇಷ ಆಸಕ್ತಿ ಹುಟ್ಟಿಸಬಹುದು: ಸೌರ ಫಲಕಗಳನ್ನು ಎತ್ತರದಲ್ಲಿ ನಿಲ್ಲಿಸಿ ಕೆಳಗೆ ಬೇಸಾಯ ಮಾಡುವ ವಿಧಾನವನ್ನು ಅಲ್ಲಿನವರು ವರ್ಷಗಳಿಂದ ಪರೀಕ್ಷಿಸುತ್ತಿದ್ದಾರೆ. ಭೂಮಿಯನ್ನು ಗುತ್ತಿಗೆಗೆ ಕೊಟ್ಟ ರೈತನ ಮನೆಯ ಆದಾಯ ಏನಾಯಿತು, ಭೂಮಿಯಿಲ್ಲದ ಕೂಲಿಯವರು ಎಲ್ಲಿಗೆ ಹೋದರು ಎಂಬ ಪ್ರಶ್ನೆಯಿದ್ದರೆ ಅದು ಸಮಾಜಶಾಸ್ತ್ರದ ವಿಭಾಗಕ್ಕೆ ಸೇರಿದ್ದು. ಅದನ್ನು ಫ್ರೈಬುರ್ಗ್‌ನ ಎಂಜಿನಿಯರರ ಮುಂದೆ ಇಟ್ಟರೆ ಸೌಜನ್ಯದ ನಿರಾಕರಣೆ ಬರುವ ಸಾಧ್ಯತೆಯೇ ಹೆಚ್ಚು.

ವೈದ್ಯಕೀಯದ ವಿಷಯದಲ್ಲಿ ಒಂದೇ ಎಚ್ಚರಿಕೆ ಸಾಕು: ಇಲ್ಲಿ ವೈದ್ಯಕೀಯ ವಿದ್ಯಾರ್ಥಿಗಳು ಓದಿನ ನಡುವೆಯೇ ಮಾಡುವ ಡಾಕ್ಟರೇಟ್ ಬೇರೆ, ರೋಗಿಗಳನ್ನು ನೋಡಲು ಬೇಕಾದ ಪರವಾನಗಿ ಬೇರೆ. ಎಂಬಿಬಿಎಸ್ ಮುಗಿಸಿ ಬಂದವರು ಒಂದನ್ನು ಪಡೆದರೆ ಇನ್ನೊಂದು ತಾನಾಗಿ ಬರುತ್ತದೆಂದು ಭಾವಿಸಬಾರದು.

ಮಾನವಿಕ ವಿಷಯಗಳ ಬಗ್ಗೆ ಹೆಚ್ಚು ಹೇಳಬೇಕೆನಿಸುತ್ತದೆ, ಏಕೆಂದರೆ ನಮ್ಮ ಕಡೆಯವರು ಈ ದಿಕ್ಕಿಗೆ ನೋಡುವುದೇ ಕಡಿಮೆ. ಬಾನ್ ವಿಶ್ವವಿದ್ಯಾಲಯದಲ್ಲಿ ಭಾರತೀಯ ಅಧ್ಯಯನದ ಪೀಠ 1818ರಲ್ಲೇ ಆರಂಭವಾಯಿತು. ಕನ್ನಡ ನಿಘಂಟನ್ನು ರಚಿಸಿದ ಫರ್ಡಿನೆಂಡ್ ಕಿಟ್ಟೆಲ್ ಅವರಿಗೆ ಟ್ಯೂಬಿಂಗೆನ್ ವಿಶ್ವವಿದ್ಯಾಲಯ 1896ರಲ್ಲಿ ಗೌರವ ಡಾಕ್ಟರೇಟ್ ನೀಡಿತು. ಕಿಟ್ಟೆಲ್ ನಿಘಂಟು ಅಚ್ಚಾದ 1894ರಲ್ಲೇ ಮ್ಯೂನಿಕ್‌ನಲ್ಲಿ ಪ್ರಾಚೀನ ಲ್ಯಾಟಿನ್ ಭಾಷೆಯ ಸಮಗ್ರ ನಿಘಂಟಿನ ಕೆಲಸ ಶುರುವಾಗಿದ್ದು, ಅದು ಇಂದಿಗೂ ಮುಗಿದಿಲ್ಲ, ಮುಗಿಯಲಿಲ್ಲವೆಂದು ಯಾರೂ ನಿಲ್ಲಿಸಿಯೂ ಇಲ್ಲ. ತಲೆಮಾರುಗಳ ಕಾಲ ನಡೆಯಬೇಕಾದ ಇಂಥ ಕೆಲಸಗಳಿಗೆ ವಿದ್ವತ್ ಅಕಾಡೆಮಿಗಳ ಮೂಲಕ ಸರ್ಕಾರವೇ ಹಣ ಕೊಡುತ್ತದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ, ಕೆಜಿಎಫ್ ಕಡೆ ಹೋದರೆ ತಮಿಳೂ ಸೇರಿದ ಮಾತು ನಮಗೆ ಸಹಜ. ಭಾಷಾಶಾಸ್ತ್ರಜ್ಞರಿಗೆ ಅದು ಅಪೂರ್ವ ಸಾಮಗ್ರಿ. ಜೀವಿಗಳ ವಂಶವೃಕ್ಷವನ್ನು ಕಟ್ಟುವ ಗಣಿತ ವಿಧಾನವನ್ನೇ ಭಾಷೆಗಳಿಗೆ ಬಳಸಿ, 20 ದ್ರಾವಿಡ ಭಾಷೆಗಳ ಪದಗಳನ್ನು ಹೋಲಿಸಿ, ಈ ಭಾಷಾಕುಟುಂಬ ಸುಮಾರು 4,500 ವರ್ಷ ಹಳೆಯದೆಂದು 2018ರಲ್ಲಿ ಪ್ರಕಟಿಸಿದ ತಂಡದಲ್ಲಿ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗಳ ಸಂಶೋಧಕರಿದ್ದರು. ವಿಜ್ಞಾನ ಮತ್ತು ಮಾನವಿಕಗಳ ನಡುವೆ ನಾವು ಪಿಯುಸಿಯಲ್ಲಿ ಎಳೆದುಕೊಂಡ ಗೆರೆ ಇಲ್ಲಿ ಅಷ್ಟು ಗಟ್ಟಿಯಾಗಿಲ್ಲ.

ಆದರೂ ಈ ದಾರಿಯ ಕಷ್ಟಗಳನ್ನು ಮರೆಮಾಚುವುದು ಸರಿಯಲ್ಲ. ಇತಿಹಾಸ, ಸಾಹಿತ್ಯಗಳಲ್ಲಿ ಪ್ರಬಂಧವನ್ನು ಒಂದೇ ಗ್ರಂಥವಾಗಿ, ಬಹುಮಟ್ಟಿಗೆ ಒಂಟಿಯಾಗಿ ಬರೆಯಬೇಕು. ಜರ್ಮನ್ ಭಾಷೆಯಲ್ಲಿ ಬರೆಯದಿದ್ದರೂ ಓದಲು ಬರಲೇಬೇಕು. ಭಾರತೀಯ ಅಧ್ಯಯನದಂಥ ಸಣ್ಣ ವಿಭಾಗಗಳಲ್ಲಿ ಒಬ್ಬರೇ ಪ್ರಾಧ್ಯಾಪಕರಿರುವುದುಂಟು. ಅವರು ನಿವೃತ್ತರಾದಾಗ ಪೀಠವೇ ಹೋಗುವ ಸಂಭವವಿರುವುದರಿಂದ, ಮಾರ್ಗದರ್ಶಕರಿಗೆ ಇನ್ನು ಎಷ್ಟು ವರ್ಷ ಸೇವೆಯಿದೆ ಎಂದು ವಿನಯದಿಂದ ಕೇಳಿ ತಿಳಿಯುವುದರಲ್ಲಿ ತಪ್ಪಿಲ್ಲ. ಹಣದ ವಿಷಯವೂ ಇಲ್ಲಿಯೇ ಹೆಚ್ಚು ಬಿಗಿ. ವಿಶ್ವವಿದ್ಯಾಲಯಗಳ ಸಂಬಳ ಪಟ್ಟಿಯಲ್ಲಿ ಡಾಕ್ಟರೇಟ್ ಮಾಡುವವರೆಲ್ಲರೂ ಸಾಮಾನ್ಯವಾಗಿ ಇ-13 ಎಂಬ ಒಂದೇ ದರ್ಜೆಗೆ ಸೇರುತ್ತಾರೆ, ವ್ಯತ್ಯಾಸವಿರುವುದು ಹುದ್ದೆಯ ಪಾಲಿನಲ್ಲಿ: ಎಂಜಿನಿಯರಿಂಗ್ ಮತ್ತು ಕಂಪ್ಯೂಟರ್ ವಿಜ್ಞಾನದಲ್ಲಿ ಅನೇಕ ವೇಳೆ ಪೂರ್ಣ ಹುದ್ದೆ, ಪ್ರಕೃತಿ ವಿಜ್ಞಾನಗಳಲ್ಲಿ ಮೂರನೆಯ ಎರಡು ಭಾಗದ ಆಸುಪಾಸು, ಮಾನವಿಕಗಳಲ್ಲಿ ಹಲವು ಸಲ ಅರ್ಧ ಹುದ್ದೆ ಅಥವಾ ವಿದ್ಯಾರ್ಥಿವೇತನ. ವಿದ್ಯಾರ್ಥಿವೇತನ ಪಡೆಯುವವರು ನೌಕರರೆಂದು ಗಣನೆಯಾಗುವುದಿಲ್ಲವಾದ್ದರಿಂದ ಪಿಂಚಣಿ ಮತ್ತು ನಿರುದ್ಯೋಗ ವಿಮೆಗೆ ಅವರ ಪರವಾಗಿ ಹಣ ಜಮೆಯಾಗುವುದಿಲ್ಲ, ನಿವಾಸ ಪರವಾನಗಿಯ ಬಗೆಯೂ ಬೇರೆಯಾಗಬಹುದು. ಊರಿಗೆ ಹಣ ಕಳಿಸುವ ಹೊಣೆಯಿರುವವರು ಒಪ್ಪಿಕೊಳ್ಳುವ ಮೊದಲೇ ಈ ಲೆಕ್ಕವನ್ನು ಕಾಗದದ ಮೇಲೆ ಹಾಕಬೇಕು.

ಕಾಲಮಿತಿಯನ್ನೂ ಅರಿತಿರಬೇಕು. 2007ರಿಂದ ಜಾರಿಯಲ್ಲಿರುವ ಕಾಯಿದೆಯ ಪ್ರಕಾರ ವಿಶ್ವವಿದ್ಯಾಲಯಗಳು ಅರ್ಹತೆ ಗಳಿಕೆಗಾಗಿ ಕೊಡುವ ತಾತ್ಕಾಲಿಕ ಹುದ್ದೆಗಳಲ್ಲಿ ಡಾಕ್ಟರೇಟ್‌ಗೆ ಮೊದಲು ಆರು ವರ್ಷ, ಆಮೇಲೆ ಆರು ವರ್ಷ ಎಂಬ ಮಿತಿಯಿದೆ. ವೈದ್ಯಕೀಯದಲ್ಲಿ ಎರಡನೆಯ ಅವಧಿ ಒಂಬತ್ತು ವರ್ಷ. ಮಕ್ಕಳಿರುವವರಿಗೆ ಇದನ್ನು ವಿಸ್ತರಿಸುವ ಅವಕಾಶವೂ ಉಂಟು. ಬಾಹ್ಯ ಅನುದಾನದ ಯೋಜನೆಗಳ ಹುದ್ದೆಗಳಿಗೆ ಬೇರೆ ನಿಯಮ. ಮೊದಲ ಪತ್ರ ಬರೆಯುವಾಗ ಐವತ್ತು ಪ್ರಾಧ್ಯಾಪಕರಿಗೆ ಒಂದೇ ಪತ್ರ ಕಳಿಸುವುದನ್ನು ಬಿಟ್ಟು, ಅವರ ಎರಡು ಮೂರು ಲೇಖನ ಓದಿ, ನಿಮ್ಮ ಪ್ರಶ್ನೆ ಅವರ ಕೆಲಸಕ್ಕೆ ಎಲ್ಲಿ ತಾಗುತ್ತದೆ ಎಂಬುದನ್ನು ಒಂದು ಪುಟದಲ್ಲಿ ತಿಳಿಸಿ. ಒಪ್ಪಿಗೆಯಾದ ಮೇಲೆ ಮಾರ್ಗದರ್ಶನದ ಒಪ್ಪಂದವನ್ನು ಲಿಖಿತವಾಗಿ ಪಡೆಯಿರಿ; ಮುಂದೆ ಭಿನ್ನಾಭಿಪ್ರಾಯ ಬಂದರೆ, ಇಂಥ ದೂರುಗಳನ್ನು ಆಲಿಸುವ ವಿಶ್ವವಿದ್ಯಾಲಯದ ಓಂಬುಡ್ಸ್‌ಮನ್ ಅವರನ್ನು ಗೋಪ್ಯವಾಗಿ ಕಾಣಬಹುದು. ಕೊನೆಯದಾಗಿ, ಮೌಖಿಕ ಪರೀಕ್ಷೆ ಮುಗಿದ ದಿನವೇ ಹೆಸರಿನ ಹಿಂದೆ ಡಾ. ಎಂದು ಬರೆದುಕೊಳ್ಳುವಂತಿಲ್ಲ: ಪ್ರಬಂಧವನ್ನು ಪ್ರಕಟಿಸುವುದು ಇಲ್ಲಿ ಕಡ್ಡಾಯ. ವಿಜ್ಞಾನದವರು ಹೆಚ್ಚಾಗಿ ವಿಶ್ವವಿದ್ಯಾಲಯದ ಗ್ರಂಥಾಲಯದ ಜಾಲತಾಣದಲ್ಲಿ ಪ್ರಕಟಿಸಿ ಕೆಲವು ವಾರಗಳಲ್ಲಿ ಮುಗಿಸುತ್ತಾರೆ. ಮಾನವಿಕಗಳಲ್ಲಿ ಪ್ರಕಾಶಕರನ್ನು ಹುಡುಕಿ ಪುಸ್ತಕವಾಗಿ ತರುವ ರೂಢಿಯಿರುವುದರಿಂದ ಒಂದೆರಡು ವರ್ಷ ಹಿಡಿಯಬಹುದು, ಮುದ್ರಣ ವೆಚ್ಚದ ಪಾಲನ್ನು ಲೇಖಕರೇ ಕೊಡಬೇಕಾಗುವುದೂ ಉಂಟು; ಆ ಹಣಕ್ಕೆ ಸಹಾಯ ಮಾಡುವ ಪ್ರತಿಷ್ಠಾನಗಳಿಗೆ ಪ್ರಬಂಧ ಸಲ್ಲಿಸಿದ ಕೂಡಲೇ ಅರ್ಜಿ ಹಾಕಿಡಿ.