ಪ್ರೊಜೆಕ್ಟರ್‌ಗೆ ಲ್ಯಾಪ್‌ಟಾಪ್ ಜೋಡಿಸಬೇಕೇ? ಮೊದಲು ಎರಡೂ ಕಡೆಯ ತೂತು ನೋಡಿ

ಬದಿಯಡ್ಕದ ಕಡೆಯ ಒಂದು ಕನ್ನಡ ಶಾಲೆ. ಮಕ್ಕಳು ಊರಿನ ಹಳೇ ಯಕ್ಷಗಾನ ಕಲಾವಿದರ ಫೋಟೋಗಳನ್ನು ಮನೆಮನೆಗೆ ಹೋಗಿ ತಂದು ಸ್ಲೈಡ್ ಮಾಡಿದ್ದರು. ಪ್ರೊಜೆಕ್ಟರಿನಲ್ಲಿ ಇದ್ದದ್ದು ನೀಲಿ ತುದಿಯ ವಿಜಿಎ ವಯರು. ನನ್ನ ಹೊಸ ಲ್ಯಾಪ್‌ಟಾಪಿನಲ್ಲಿ ಆ ತೂತೇ ಇಲ್ಲ. ಒಬ್ಬರು ಬೈಕಿನಲ್ಲಿ ಕಾಸರಗೋಡಿಗೆ ಹೋಗಿ, ಎರಡು ಥರದ ತೂತುಗಳನ್ನು ಜೋಡಿಸುವ ಕನ್ವರ್ಟರ್ ತಂದರು. ಅದು ಉಲ್ಟಾ ದಿಕ್ಕಿನ ಕನ್ವರ್ಟರ್! ಫೋಟೋ ಕೊಟ್ಟಿದ್ದ ಅಜ್ಜ ಕಾದು ಕಾದು ಮನೆಗೆ ಹೋದರು. ಆ ಬೇಸರ ನನಗಿನ್ನೂ ಹೋಗಿಲ್ಲ.

ಹಾಗಾಗಿ ಕಾರ್ಯಕ್ರಮದ ಹಿಂದಿನ ದಿನವೇ ಪ್ರೊಜೆಕ್ಟರಿನ ಹಿಂಬದಿ ನೋಡಿ. ಮೂರು ಸಾಲಿನಲ್ಲಿ 15 ತೂತು, ಎರಡು ಬದಿಗೆ ಸ್ಕ್ರೂ ಇದ್ದರೆ ಅದು ವಿಜಿಎ. 1987ರಲ್ಲಿ ಐಬಿಎಂ ತಂದದ್ದು, ಇನ್ನೂ ಎಷ್ಟೋ ಕಡೆ ಇದೆ. ಅಲ್ಲಿ ಎರಡು ವಿಜಿಎ ಇದ್ದರೆ ‘ಕಂಪ್ಯೂಟರ್ ಇನ್’ ಎಂದಿರುವುದಕ್ಕೇ ಹಾಕಿ, ‘ಮಾನಿಟರ್ ಔಟ್’ಗೆ ಅಲ್ಲ. ಚಪ್ಪಟೆಯಾಗಿ, ಕೆಳಗಿನ ಎರಡು ಮೂಲೆ ಓರೆಯಾಗಿದ್ದರೆ ಎಚ್‌ಡಿಎಂಐ. ಲ್ಯಾಪ್‌ಟಾಪಿನಲ್ಲೂ ಅದೇ ಇದ್ದರೆ ಒಂದು ವಯರು ಸಾಕು.

ಲ್ಯಾಪ್‌ಟಾಪಿನಲ್ಲಿ ಎಚ್‌ಡಿಎಂಐ, ಪ್ರೊಜೆಕ್ಟರಿನಲ್ಲಿ ವಿಜಿಎ ಇದ್ದರೆ ‘ಎಚ್‌ಡಿಎಂಐಯಿಂದ ವಿಜಿಎಗೆ’ ಕನ್ವರ್ಟರ್ ಎಂದೇ ಕೇಳಿ. ದಿಕ್ಕು ಮುಖ್ಯ. ಇದನ್ನು ತಿರುಗಿಸಿ ಹಾಕಿದರೆ ಕೆಲಸ ಮಾಡುವುದಿಲ್ಲ. ಎಚ್‌ಡಿಎಂಐಯದು ಡಿಜಿಟಲ್ ಸಿಗ್ನಲ್, ವಿಜಿಎಯದು ಅನಲಾಗ್. ಬದಲಾಯಿಸಲು ಒಳಗೊಂದು ಚಿಪ್ ಬೇಕೇ ಬೇಕು. ಎರಡು ತುದಿಗೆ ಎರಡು ಥರದ ಪಿನ್ ಇರುವ, ಚಿಪ್ ಇಲ್ಲದ ಅಗ್ಗದ ವಯರು ತಂದರೆ ದುಡ್ಡು ದಂಡ. ಎರಡೂ ತೂತುಗಳ ಫೋಟೋವನ್ನು ಮೊಬೈಲಿನಲ್ಲಿ ತೆಗೆದುಕೊಂಡು ಹೋಗಿ. ಅಂಗಡಿಯವರಿಗೆ ಕನ್ನಡ ಬಾರದಿದ್ದರೂ ಫೋಟೋ ಅರ್ಥವಾಗುತ್ತದೆ.

ಬರೀ ಟೈಪ್-ಸಿ ಇರುವ ಲ್ಯಾಪ್‌ಟಾಪಾದರೆ ಇನ್ನೂ ಜಾಗ್ರತೆ. ಎಲ್ಲ ಟೈಪ್-ಸಿ ತೂತುಗಳೂ ಚಿತ್ರ ಕಳಿಸುವುದಿಲ್ಲ. ಕೆಲವು ಚಾರ್ಜಿಂಗಿಗೂ ಫೈಲಿಗೂ ಮಾತ್ರ. ಪಕ್ಕದಲ್ಲಿ ‘ಡಿ’ ಅಕ್ಷರದೊಳಗೆ ‘ಪಿ’ ಇರುವ ಡಿಸ್‌ಪ್ಲೇಪೋರ್ಟ್ ಗುರುತೋ ಥಂಡರ್‌ಬೋಲ್ಟಿನ ಮಿಂಚಿನ ಗುರುತೋ ಇದ್ದರೆ ಧೈರ್ಯವಾಗಿ ಅಡಾಪ್ಟರ್ ಕೊಳ್ಳಬಹುದು. ಗುರುತಿಲ್ಲದಿದ್ದರೆ ನಿಮ್ಮ ಮಾಡೆಲಿನ ವಿವರ ನೋಡಿಯೇ ಕೊಳ್ಳಿ.

ಈಗ ಜೋಡಿಸಿ. ವಿಜಿಎ ಪಿನ್ನನ್ನು ಬೆಳಕಿಗೆ ಹಿಡಿದು ನೋಡಿ. ನಡುಸಾಲಿನಲ್ಲಿ ಒಂದು ಪಿನ್ ಇಲ್ಲದಿದ್ದರೆ ಹೆದರಬೇಡಿ, ಎಷ್ಟೋ ವಯರುಗಳು ಹಾಗೇ ಬರುತ್ತವೆ. ಬಾಗಿದ ಪಿನ್ನೇ ತೊಂದರೆ. ಮೊದಲ ಸಾಲಿನ ಮೊದಲ ಮೂರು ಪಿನ್‌ಗಳು ಕೆಂಪು, ಹಸಿರು, ನೀಲಿ ಬಣ್ಣ ಒಯ್ಯುತ್ತವೆ. ನೀಲಿಯದು ಬಾಗಿ ತಾಗದೇ ಹೋದರೆ ಪರದೆ ತುಂಬ ಹಳದಿ. ಕಿರೀಟದ ಬಣ್ಣವೇ ಬದಲಾಗಿಬಿಡುತ್ತದೆ, ಅಲ್ವಾ? ನೇರ ಒತ್ತಿ, ಸ್ಕ್ರೂ ಬಿಗಿ ಮಾಡಿ.

ಪ್ರೊಜೆಕ್ಟರ್ ಆನ್ ಮಾಡಿ, ರಿಮೋಟಿನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಒತ್ತಿ ಸರಿಯಾದ ತೂತನ್ನು ಆರಿಸಿ. ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಕೀ ಜೊತೆ ‘ಪಿ’ ಒತ್ತಿ, ‘ಡುಪ್ಲಿಕೇಟ್’ ಆರಿಸಿ. ಉಬುಂಟು ಇರುವ ಶಾಲೆಯ ಲ್ಯಾಪ್‌ಟಾಪಿನಲ್ಲೂ ಅದೇ ಎರಡು ಕೀ ಒತ್ತಿ ನೋಡಿ. ಅಲ್ಲಿ ಆಯ್ಕೆಯ ಹೆಸರು ‘ಮಿರರ್’. ಅಕ್ಷರ ಮಸುಕಾಗಿದ್ದರೆ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ರೆಸಲ್ಯೂಷನ್ ಬದಲಿಸಿ. ಹಳೇ ಪ್ರೊಜೆಕ್ಟರಿಗೆ 1024×768 ಹೊಂದುವುದು ಜಾಸ್ತಿ.

ವಿಜಿಎ ವಯರಿನಲ್ಲಿ ಶಬ್ದ ಬರುವುದಿಲ್ಲ. ಚೆಂಡೆ ಮದ್ದಳೆ ಕೇಳಿಸಬೇಕಾದರೆ ಲ್ಯಾಪ್‌ಟಾಪಿನ ಹೆಡ್‌ಫೋನ್ ತೂತಿನಿಂದ ಮೈಕ್‌ಸೆಟ್ಟಿಗೆ ಬೇರೆ ವಯರು ಎಳೆಯಿರಿ. ಶಬ್ದ ಆಗಲೂ ಬಾರದಿದ್ದರೆ, ಪರದೆಯ ಮೂಲೆಯ ಸ್ಪೀಕರ್ ಚಿಹ್ನೆ ಒತ್ತಿ ಎಚ್‌ಡಿಎಂಐ ಬದಲು ಹೆಡ್‌ಫೋನ್ ಆರಿಸಿಕೊಳ್ಳಿ.