ಫೋನು ಮಗುವಿನ ಕೈಯಲ್ಲಿ, ಬೀಗದ ಕೈ ಯಾರ ಹತ್ತಿರ?

ಶಾಲೆಯ ವಾಟ್ಸ್‌ಆಪ್ ಗ್ರೂಪಿಗೆ ಮಲಯಾಳದಲ್ಲಿ ಒಂದು ಸೂಚನೆ ಬರುತ್ತದೆ. ಅಮ್ಮ ಫೋನನ್ನು ಮಗಳ ಕೈಗೆ ಕೊಟ್ಟು, ‘ಎಂತ ಬರೆದಿದ್ದಾರೆ ನೋಡು ಮಾರಾಯ್ತಿ’ ಅನ್ನುತ್ತಾರೆ. ಕರೆಂಟು ಬಿಲ್ಲಿನ ಮೆಸೇಜಿಗೂ ಇದೇ ಕತೆ, ರೇಷನ್ ಕಾರ್ಡಿನದಕ್ಕೂ ಇದೇ ಕತೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಮುಳ್ಳೇರಿಯ ಕಡೆಯ ಎಷ್ಟೋ ಕನ್ನಡ, ತುಳು ಮನೆಗಳಲ್ಲಿ ಆರನೇ ಕ್ಲಾಸಿನ ಮಗುವೇ ಮನೆಯ ದುಭಾಷಿ. ಅಪ್ಪ ಗಲ್ಫಿನಲ್ಲಿದ್ದರಂತೂ ಫೋನಿನ ಪೂರ್ತಿ ಕಾರುಬಾರು ಅದರದ್ದೇ.

ಮಗು ಚುರುಕಾಗಿದೆ, ಖುಷಿಪಡೋಣ. ಆದರೆ ಪಾಸ್‌ವರ್ಡ್, ಪಿನ್, ಒಟಿಪಿ ಎಲ್ಲ ಗೊತ್ತಿರುವುದು ಮಗುವಿಗೆ ಮಾತ್ರ ಎಂದಾದರೆ ಆ ಫೋನಿನ ಯಜಮಾನರು ನೀವಲ್ಲ. ಎಷ್ಟು ಒಳ್ಳೆಯ ಸುರಕ್ಷತಾ ಆಪ್ ಹಾಕಿದರೂ ಅದನ್ನು ತೆಗೆಯುವ ದಾರಿ ಮಗುವಿಗೇ ಗೊತ್ತಿರುತ್ತದೆ. ಹಾಗಾಗಿ ಕೆಲಸ ಶುರುವಾಗಬೇಕಾದದ್ದು ಯಜಮಾನಿಕೆಯನ್ನು ವಾಪಸ್ ಪಡೆಯುವುದರಿಂದ. ಒಂದು ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ಮಗುವನ್ನೂ ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ. ಕದ್ದುಮುಚ್ಚಿ ಮಾಡುವ ಕೆಲಸ ಇದಲ್ಲ.

ಹೆಜ್ಜೆ 1: ಆ ಜಿಮೇಲ್ ಯಾರದ್ದು?

ಫೋನಿನ ಸೆಟ್ಟಿಂಗ್ಸ್ ತೆರೆದು ‘ಗೂಗಲ್’ ಎಂಬಲ್ಲಿ ಒತ್ತಿ. ಮೇಲೆ ಒಂದು ಇಮೇಲ್ ವಿಳಾಸ ಕಾಣುತ್ತದೆ. ಅದು ಯಾರದ್ದು ಎಂದು ಕೇಳಿದರೆ ಬಹಳ ಮನೆಗಳಲ್ಲಿ ಉತ್ತರವೇ ಇಲ್ಲ. ಫೋನು ಕೊಂಡ ದಿನ ಮೊಬೈಲ್ ಅಂಗಡಿಯ ಹುಡುಗ ಮಾಡಿಕೊಟ್ಟದ್ದು. ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ನಿಮಗೂ ಗೊತ್ತಿಲ್ಲ. ಹುಟ್ಟಿದ ವರ್ಷ ಅಂತ ಬೆರಳಿಗೆ ಸಿಕ್ಕಿದ್ದನ್ನು ಒತ್ತಿರುತ್ತಾನೆ.

ಈ ಹುಟ್ಟಿದ ವರ್ಷದ ವಿಷಯ ಸಣ್ಣದಲ್ಲ. ಗೂಗಲ್, ಯೂಟ್ಯೂಬ್, ಇನ್‌ಸ್ಟಾಗ್ರಾಂ ಮಕ್ಕಳಿಗಾಗಿ ಇಟ್ಟಿರುವ ತಡೆಗಳೆಲ್ಲ ಕೆಲಸ ಮಾಡುವುದು ಮುಖ್ಯವಾಗಿ ಅದರ ಮೇಲೆಯೇ. ಹನ್ನೊಂದರ ಮಗು 1995ರಲ್ಲಿ ಹುಟ್ಟಿದೆ ಎಂದು ಬರೆದಿದ್ದರೆ ಕಂಪನಿಯ ಲೆಕ್ಕದಲ್ಲಿ ಅದು ದೊಡ್ಡವರು. ದೊಡ್ಡವರಿಗೆ ಬರುವ ಜಾಹೀರಾತು, ವಿಡಿಯೊ, ಅಪರಿಚಿತರ ಮೆಸೇಜು ಎಲ್ಲ ಬರುತ್ತದೆ.

ನಿಮ್ಮ ಹೆಸರಲ್ಲಿ, ನಿಮ್ಮ ಸಿಮ್ ನಂಬರಿನಲ್ಲಿ ಒಂದು ಜಿಮೇಲ್ ಇರಲಿ. ಪಾಸ್‌ವರ್ಡನ್ನು ಒಂದು ಪುಸ್ತಕದಲ್ಲಿ ಬರೆದು ಕಪಾಟಿನಲ್ಲಿಡಿ. ಬರೆದಿಡಬಾರದು ಎಂದು ತಿಳಿದವರು ಹೇಳುತ್ತಾರೆ. ಮರೆತು ಕೊನೆಗೆ ಮಗುವನ್ನೇ ಕೇಳುವುದಕ್ಕಿಂತ ಕಪಾಟು ವಾಸಿ ಎಂಬುದು ನನ್ನ ಅಭಿಪ್ರಾಯ. ಹಾಗೆಯೇ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ. ಆಂಡ್ರಾಯ್ಡ್‌ನಲ್ಲೂ ವಾಟ್ಸ್‌ಆಪ್‌ನಲ್ಲೂ ಕನ್ನಡ ಇದೆ. ಮೊದಲೆರಡು ದಿನ ವಿಚಿತ್ರ ಅನಿಸುತ್ತದೆ, ಆಮೇಲೆ ಯಾವ ಗುಂಡಿ ಯಾವುದಕ್ಕೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಹೆಜ್ಜೆ 2: ಮಗುವಿಗೆ ಅದರದ್ದೇ ಅಕೌಂಟ್

ನಿಮ್ಮ ಫೋನಿನಲ್ಲಿ ‘ಗೂಗಲ್ ಫ್ಯಾಮಿಲಿ ಲಿಂಕ್’ ಆಪ್ ಹಾಕಿಕೊಳ್ಳಿ. ಉಚಿತ. ಅದರಲ್ಲಿ ಮಗುವಿನ ಹೆಸರು, ನಿಜವಾದ ಹುಟ್ಟಿದ ದಿನ ಕೊಟ್ಟು ಅಕೌಂಟ್ ಮಾಡಿ. ಮಗು ಬಳಸುವ ಫೋನಿನಲ್ಲಿ ಆ ಅಕೌಂಟ್ ಮಾತ್ರ ಇರಲಿ. ಹಳೆಯದನ್ನು ತೆಗೆಯಿರಿ.

ಇಷ್ಟಾದರೆ ಹೊಸ ಆಪ್ ಹಾಕಬೇಕಾದಾಗ ನಿಮ್ಮ ಫೋನಿಗೆ ಒಪ್ಪಿಗೆ ಕೇಳುತ್ತದೆ. ದಿನಕ್ಕೆ ಇಷ್ಟು ಹೊತ್ತು, ರಾತ್ರಿ ಇಷ್ಟು ಗಂಟೆಗೆ ಲಾಕ್ ಎಂದು ನೀವೇ ಇಡಬಹುದು. ಎರಡನೇ ಪೋಷಕರಾಗಿ ಅಪ್ಪನನ್ನೂ ಸೇರಿಸಬಹುದು. ಆದರೆ ಇಲ್ಲೊಂದು ಮಾತು. ಅಪ್ಪ ಕೋಪದಲ್ಲಿ ಲಾಕ್ ಮಾಡುವುದು, ಅಮ್ಮ ಕರಗಿ ತೆರೆಯುವುದು ಬೇಡ. ಹೊತ್ತು ಎಷ್ಟು ಎಂದು ಇಬ್ಬರೂ ಮೊದಲೇ ಮಾತಾಡಿಕೊಳ್ಳಿ. ಅಪ್ಪ ದುಬೈಯಲ್ಲಿದ್ದರೆ, ಅಲ್ಲಿ ರಾತ್ರಿ ಎಂಟಾದಾಗ ಇಲ್ಲಿ ಒಂಬತ್ತೂವರೆ. ಅಪ್ಪನ ವಿಡಿಯೊ ಕಾಲ್ ಬರುವುದು ಹೆಚ್ಚಾಗಿ ಆ ಹೊತ್ತಿಗೇ ಅಲ್ವಾ? ಅದು ಅಮ್ಮನ ಫೋನಿಗೆ ಬರಲಿ. ‘ಅಪ್ಪನ ಕಾಲ್ ಬರ್ತದೆ’ ಎಂಬ ನೆಪದಲ್ಲಿ ಮಗುವಿನ ಫೋನು ಹಾಸಿಗೆಗೆ ಹೋಗುವುದು ತಪ್ಪುತ್ತದೆ.

ಐಫೋನ್ ಇರುವವರಿಗೆ ಇದೇ ಕೆಲಸಕ್ಕೆ ಸೆಟ್ಟಿಂಗ್ಸ್‌ನಲ್ಲೇ ‘ಸ್ಕ್ರೀನ್ ಟೈಮ್’ ಇದೆ.

ಹೆಜ್ಜೆ 3: ಲ್ಯಾಪ್‌ಟಾಪ್ ಮತ್ತು ಮನೆಯ ವೈಫೈ

ಕೇರಳದ ಸರಕಾರಿ, ಅನುದಾನಿತ ಶಾಲೆಗಳ ಕಂಪ್ಯೂಟರಿನಲ್ಲಿ ಸರಕಾರದ ಶಾಲಾ ತಂತ್ರಜ್ಞಾನ ಸಂಸ್ಥೆ ‘ಕೈಟ್’ ಕೊಟ್ಟ ಲಿನಕ್ಸ್ (ವಿಂಡೋಸ್ ಬದಲಿಗೆ ಬಳಸುವ ಉಚಿತ ವ್ಯವಸ್ಥೆ) ಇರುತ್ತದೆ. ಮಕ್ಕಳು ಕಲಿಯುವುದೂ ಅದನ್ನೇ. ಹಾಗಾಗಿ ಮನೆಯ ಹಳೆಯ ಲ್ಯಾಪ್‌ಟಾಪಿಗೂ ಅದನ್ನೇ ಹಾಕಿಸಿಕೊಂಡವರಿದ್ದಾರೆ. ಒಳ್ಳೆಯದೇ. ಆದರೆ ಮಕ್ಕಳ ಬಳಕೆಗೆ ಮಿತಿ ಹಾಕಲು ವಿಂಡೋಸ್‌ನಲ್ಲಿ ಸಿಗುವ ‘ಫ್ಯಾಮಿಲಿ ಸೇಫ್ಟಿ’ ಲಿನಕ್ಸ್‌ನಲ್ಲಿ ನಡೆಯುವುದಿಲ್ಲ. ಯಾವುದೇ ಇರಲಿ, ಎಲ್ಲವನ್ನೂ ಬದಲಿಸುವ ಅಧಿಕಾರ ಇರುವ ಅಡ್ಮಿನಿಸ್ಟ್ರೇಟರ್ ಅಕೌಂಟ್ ನಿಮ್ಮದಾಗಿರಲಿ. ಮಗುವಿಗೆ ‘ಸ್ಟಾಂಡರ್ಡ್’ ಅಕೌಂಟ್ ಸಾಕು. ಲ್ಯಾಪ್‌ಟಾಪ್ ಚಾವಡಿಯಲ್ಲೇ ಇರಲಿ, ಪರದೆ ಎಲ್ಲರಿಗೂ ಕಾಣುವ ಹಾಗೆ.

ಇನ್ನೊಂದು ಉಪಾಯ ಸುಲಭದ್ದು, ಗೊತ್ತಿರುವವರು ಕಡಿಮೆ. ಬಿಎಸ್‌ಎನ್‌ಎಲ್ ಫೈಬರ್ ಇರಲಿ, ಕೇರಳ ಸರಕಾರದ ಇಂಟರ್ನೆಟ್ ಕೆ-ಫೋನ್ ಇರಲಿ, ಕೇಬಲಿನವರ ಕನೆಕ್ಷನ್ ಇರಲಿ, ಲೈನ್ ನೋಡಲು ಬರುವ ಹುಡುಗನಿಗೆ ಹೇಳಿ: ‘ರೂಟರಿನಲ್ಲಿ ಡಿಎನ್‌ಎಸ್ 1.1.1.3, ಎರಡನೆಯದು 1.0.0.3 ಹಾಕಿಕೊಡು.’ ಡಿಎನ್‌ಎಸ್ ಎಂದರೆ ಸೈಟಿನ ಹೆಸರು ಕೊಟ್ಟರೆ ಅದರ ವಿಳಾಸ ಹುಡುಕಿಕೊಡುವ ಸೇವೆ. ಇದು ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ ಮನೆಗಳಿಗಾಗಿ ಉಚಿತವಾಗಿ ಕೊಡುವ ವ್ಯವಸ್ಥೆ. ಅಶ್ಲೀಲ ಸೈಟುಗಳ ಮತ್ತು ವೈರಸ್ ಹರಡುವ ಸೈಟುಗಳ ವಿಳಾಸ ಕೇಳಿದರೆ ಅದು ಉತ್ತರ ಕೊಡುವುದಿಲ್ಲ. ಮನೆಯ ವೈಫೈಗೆ ಸೇರಿದ ಫೋನು, ಟಿವಿ, ಲ್ಯಾಪ್‌ಟಾಪ್ ಎಲ್ಲದಕ್ಕೂ ಒಂದೇ ಸಲ ಅನ್ವಯ. ಮಗು ಮೊಬೈಲ್ ಡೇಟಾಕ್ಕೆ ಹೋದರೆ ಇದು ನಡೆಯುವುದಿಲ್ಲ. ಇನ್‌ಸ್ಟಾಗ್ರಾಂ, ಯೂಟ್ಯೂಬಿನ ಒಳಗೆ ಬರುವುದನ್ನೂ ಇದು ತಡೆಯುವುದಿಲ್ಲ.

ಹೆಜ್ಜೆ 4: ವಾಟ್ಸ್‌ಆಪ್, ಇನ್‌ಸ್ಟಾಗ್ರಾಂ

ಎರಡಕ್ಕೂ ಕನಿಷ್ಠ ವಯಸ್ಸು 13. ಅದಕ್ಕಿಂತ ಚಿಕ್ಕವರಿಗೆ ಬೇಡ ಎಂದರೆ ಬೇಡ. ಶಾಲೆಯ ಗ್ರೂಪಿಗೆ ನಿಮ್ಮ ನಂಬರ್ ಕೊಡಿ.

ವಾಟ್ಸ್‌ಆಪ್‌ನಲ್ಲಿ ಸೆಟ್ಟಿಂಗ್ಸ್, ಪ್ರೈವೆಸಿ, ಗ್ರೂಪ್ಸ್ ಎಂದು ಹೋಗಿ ‘ಮೈ ಕಾಂಟ್ಯಾಕ್ಟ್ಸ್’ ಇಡಿ. ಯಾರ್ಯಾರೋ ಗ್ರೂಪಿಗೆ ಎಳೆಯುವುದು ನಿಲ್ಲುತ್ತದೆ. ಪ್ರೊಫೈಲ್ ಫೋಟೋಗೂ ಇದೇ ಮಾಡಿ. ಈಗ ಒಂದು ಸಾಮಾನ್ಯ ಫೋಟೋ ಸಿಕ್ಕಿದರೆ ಸಾಕು, ಎಐ ಬಳಸಿ ಕೆಟ್ಟದಾಗಿ ಬದಲಿಸುವವರಿದ್ದಾರೆ. ‘ಟು-ಸ್ಟೆಪ್ ವೆರಿಫಿಕೇಷನ್’ ಹಾಕಿ ಆರಂಕಿಯ ಪಿನ್ ಇಡಿ. ‘ಲಿಂಕ್ಡ್ ಡಿವೈಸಸ್’ ಒತ್ತಿ ಬೇರೆ ಯಾವುದಾದರೂ ಕಂಪ್ಯೂಟರಿನಲ್ಲಿ ಈ ವಾಟ್ಸ್‌ಆಪ್ ತೆರೆದಿದೆಯಾ ಎಂದೂ ನೋಡಿಬಿಡಿ.

ಇನ್‌ಸ್ಟಾಗ್ರಾಂ 2025ರಲ್ಲಿ ಭಾರತದಲ್ಲಿ ‘ಟೀನ್ ಅಕೌಂಟ್’ ತಂದಿದೆ. ಅಕೌಂಟ್ ತಾನಾಗಿ ಪ್ರೈವೇಟ್ ಆಗುತ್ತದೆ, ಗುರುತಿಲ್ಲದವರ ಮೆಸೇಜು ಬರುವುದಿಲ್ಲ, ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ನೋಟಿಫಿಕೇಷನ್ ಸುಮ್ಮನಿರುತ್ತದೆ. 16 ತುಂಬದವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಇದೆಲ್ಲ ಹುಟ್ಟಿದ ದಿನ ಸರಿ ಕೊಟ್ಟಿದ್ದರೆ ಮಾತ್ರ.

ಹೆಜ್ಜೆ 5: ದುಡ್ಡಿನ ದಾರಿ ಮುಚ್ಚಿ

ಯುಪಿಐ ಪಿನ್ ಮಗುವಿಗೆ ಗೊತ್ತಿದ್ದರೆ ಇವತ್ತೇ ಬದಲಿಸಿ. ಪ್ಲೇ ಸ್ಟೋರಿನಲ್ಲಿ ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವ ಹಾಗೆ ಇಡಿ. ದುಡ್ಡು ಕಟ್ಟಿ ದುಡ್ಡು ಗೆಲ್ಲುವ ಆನ್‌ಲೈನ್ ಆಟಗಳನ್ನು ಕೇಂದ್ರ ಸರಕಾರ 2025ರ ಕಾನೂನಿನಲ್ಲಿ ನಿಷೇಧಿಸಿದೆ. ಅಂಥ ಲಿಂಕ್ ಯಾರಾದರೂ ಕಳಿಸಿದರೆ ಅದು ಮೋಸ ಎಂದೇ ಮಗುವಿಗೆ ಹೇಳಿ.

ಪ್ಲಸ್ ಟೂ, ಡಿಗ್ರಿ ಮಕ್ಕಳಿಗೆ ಬೇರೆ ಬಲೆ ಇದೆ. ‘ನಿನ್ನ ಅಕೌಂಟಿಗೆ ಸ್ವಲ್ಪ ದುಡ್ಡು ಬರ್ತದೆ, ತೆಗೆದು ಕೊಡು, ಕಮಿಷನ್ ಕೊಡ್ತೇವೆ.’ ಹೀಗೆ ಹೇಳುವವನು ಗೆಳೆಯನೇ ಆಗಿರಬಹುದು. ಬರುವುದು ಯಾರಿಂದಲೋ ದೋಚಿದ ಹಣ. ಪೊಲೀಸರು ಬರುವುದು ಅಕೌಂಟ್ ಯಾರ ಹೆಸರಲ್ಲಿದೆಯೋ ಅವರ ಮನೆಗೆ.

ಹೆಜ್ಜೆ 6: ಪರದೆಯ ಆಚೆ ಯಾರು?

ಮೇಲಿನ ಐದನ್ನೂ ಮಾಡಿದರೂ ಒಂದು ಕಿಂಡಿ ಉಳಿಯುತ್ತದೆ, ಗೇಮಿನ ಒಳಗಿನ ಚಾಟ್.

ಅದು ನಡೆಯುವ ರೀತಿ ಹೀಗೆ. ಗೇಮಿನಲ್ಲಿ ಒಬ್ಬಳು ‘ಚೇಚಿ’ (ಮಲಯಾಳದಲ್ಲಿ ಅಕ್ಕ) ಪರಿಚಯವಾಗುತ್ತಾಳೆ. ಚೆನ್ನಾಗಿ ಆಡ್ತೀಯ ಎಂದು ಹೊಗಳುತ್ತಾಳೆ, ಒಂದೆರಡು ಗಿಫ್ಟ್ ಕಳಿಸುತ್ತಾಳೆ. ಕೆಲವು ದಿನ ಬಿಟ್ಟು ‘ಇಲ್ಲಿ ಬೇಡ, ಟೆಲಿಗ್ರಾಂಗೆ ಬಾ’ ಅನ್ನುತ್ತಾಳೆ. ಅಲ್ಲಿ ಶಾಲೆ, ಮನೆ, ಅಮ್ಮ ಬೈದದ್ದು ಎಲ್ಲ ಕೇಳಿಸಿಕೊಳ್ಳುತ್ತಾಳೆ. ‘ಇದು ನಮ್ಮಿಬ್ಬರ ಗುಟ್ಟು, ಅಮ್ಮನಿಗೆ ಹೇಳ್ಬೇಡ.’ ಆಮೇಲೆ ಒಂದು ಫೋಟೋ. ಫೋಟೋ ಹೋದ ಮರುಕ್ಷಣ ದನಿಯೇ ಬದಲಾಗುತ್ತದೆ. ಇನ್ನೂ ಕಳಿಸು, ಇಲ್ಲಾಂದ್ರೆ ದುಡ್ಡು ಕೊಡು, ಇಲ್ಲಾಂದ್ರೆ ಕ್ಲಾಸಿನವರಿಗೆಲ್ಲ ಹಾಕ್ತೇನೆ. ಆ ‘ಚೇಚಿ’ ನಲವತ್ತರ ಗಂಡಸಾಗಿರಬಹುದು.

ಈ ಮಾತುಕತೆ ಬಹಳ ಸಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಮಲಯಾಳದಲ್ಲಿರುತ್ತದೆ. ಬೈಗುಳ, ಕೆಟ್ಟ ಮಾತು ಹಿಡಿಯುವ ಯಂತ್ರಗಳು ಇಂಗ್ಲಿಷಿನಲ್ಲಿ ಇದ್ದಷ್ಟು ಚುರುಕಾಗಿ ಇಂಥ ಬರಹದಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಕೂತು ಇಣುಕಿದರೆ ಕನ್ನಡ ಮಾತ್ರ ಬಲ್ಲ ಅಮ್ಮನಿಗೂ ತಲೆಬುಡ ತಿಳಿಯುವುದಿಲ್ಲ. ಹಾಗಾಗಿ ಚಾಟ್ ಓದಿ ಕಾವಲು ಕಾಯುವ ಯೋಚನೆ ನಮ್ಮ ಕಡೆ ಜಾಸ್ತಿ ದಿನ ನಡೆಯುವುದಿಲ್ಲ. ಮಗುವೇ ಬಂದು ಹೇಳಬೇಕು.

ಅದಕ್ಕೆ ಮೂರು ಮಾತು ಕಿವಿಗೆ ಹಾಕಿಡಿ: ‘ಬೇರೆ ಆಪ್‌ಗೆ ಬಾ’, ‘ಮನೆಯಲ್ಲಿ ಹೇಳ್ಬೇಡ’, ‘ಫೋಟೋ ಕಳಿಸು’. ಇದರಲ್ಲಿ ಒಂದು ಕೇಳಿದರೂ ನನಗೆ ಹೇಳು ಎನ್ನಿ. ಹೇಳಿದರೆ ಫೋನು ಕಿತ್ತುಕೊಳ್ಳುವುದಿಲ್ಲ ಎಂದೂ ಮಾತು ಕೊಡಿ. ಮಕ್ಕಳು ಬಾಯಿ ಮುಚ್ಚಿಕೊಳ್ಳುವುದು ಬೆದರಿಸಿದವನ ಹೆದರಿಕೆಗೆ ಮಾತ್ರ ಅಲ್ಲ, ಅಪ್ಪನ ಬೆತ್ತದ ಹೆದರಿಕೆಗೂ ಹೌದು. ನಿಮ್ಮ ಹತ್ತಿರ ಹೇಳಲು ಆಗದಿದ್ದರೆ ಚಿಕ್ಕಮ್ಮನ ಹತ್ತಿರವೋ, ಟೀಚರ ಹತ್ತಿರವೋ ಹೇಳಬಹುದು ಎಂದು ಒಬ್ಬರ ಹೆಸರು ಮೊದಲೇ ಗೊತ್ತು ಮಾಡಿಡಿ.

ಹೈಸ್ಕೂಲುಗಳಲ್ಲಿ 2018ರಿಂದ ‘ಲಿಟಲ್ ಕೈಟ್ಸ್’ ಎಂಬ ಮಕ್ಕಳ ಐಟಿ ಕ್ಲಬ್ ಇದೆ. ತಾಯಂದಿರಿಗೆ ಸೈಬರ್ ಸುರಕ್ಷತೆಯ ಕ್ಲಾಸನ್ನೂ ಇವರ ಮೂಲಕ ನಡೆಸಿದ್ದುಂಟು. ನಿಮ್ಮ ಶಾಲೆಯ ಪಿಟಿಎ ಮೀಟಿಂಗಿನಲ್ಲಿ ಎದ್ದು ನಿಂತು ಕೇಳಿ: ನಮಗೊಂದು ಕ್ಲಾಸು ಬೇಕು, ಕನ್ನಡದಲ್ಲಿ ಬೇಕು.

ಹೆಜ್ಜೆ 7: ಆಗಬಾರದ್ದು ಆಗಿಬಿಟ್ಟರೆ

ಹೊಡೆಯಬೇಡಿ. ದುಡ್ಡು ಕೊಡಬೇಡಿ, ಒಮ್ಮೆ ಕೊಟ್ಟರೆ ಇನ್ನೊಮ್ಮೆ ಕೇಳುತ್ತಾರೆ. ಚಾಟ್ ಅಳಿಸಬೇಡಿ. ಬೆದರಿಕೆಯ ಮಾತು, ಆ ಕಡೆಯವರ ಯೂಸರ್ ನೇಮ್, ನಂಬರ್, ದಿನ, ಹೊತ್ತು ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆಯಿರಿ. ಆಮೇಲೆ ಬ್ಲಾಕ್ ಮಾಡಿ. ಮಗುವಿನ ಕೆಟ್ಟ ಫೋಟೋವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬೇಡಿ, ‘ನೋಡಿ ಹೀಗಾಗಿದೆ’ ಎಂದು ಮಾವನಿಗೂ ಕಳಿಸಬೇಡಿ. ಅಂಥ ಚಿತ್ರ ಹಂಚುವುದೇ ಅಪರಾಧ. ಫೋನನ್ನೇ ಪೊಲೀಸರಿಗೆ ತೋರಿಸಿ.

ಹಣ ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಹಣ ಮುಂದಿನ ಅಕೌಂಟಿಗೆ ದಾಟುವ ಮೊದಲು ತಡೆಹಿಡಿಯಲು ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ. ಉಳಿದ ದೂರಿಗೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ಎಂಬ ಕೇಂದ್ರ ಸರಕಾರದ ಜಾಲತಾಣ ಇದೆ. ಮಕ್ಕಳ ಅಶ್ಲೀಲ ಚಿತ್ರದ ಬಗ್ಗೆ ಅಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು. ಮಗುವೇ ಯಾರೊಂದಿಗಾದರೂ ಮಾತಾಡಬೇಕು ಎಂದರೆ ಮಕ್ಕಳ ಸಹಾಯವಾಣಿ 1098, ಹಗಲೂ ರಾತ್ರಿಯೂ ಉಚಿತ.

ಫೋಟೋ ಹರಡುತ್ತದೆ ಎಂಬ ಹೆದರಿಕೆ ಇದ್ದರೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಕೆಲಸ ಮಾಡುವ ಅಮೆರಿಕದ ಸಂಸ್ಥೆ 2023ರಲ್ಲಿ ಶುರು ಮಾಡಿದ್ದು. ನಿಮ್ಮ ಫೋಟೋವನ್ನು ಅವರಿಗೆ ಕಳಿಸಬೇಕಾಗಿಲ್ಲ. ಫೋಟೋ ಫೋನಿನಲ್ಲೇ ಇರುತ್ತದೆ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್, ಸ್ನ್ಯಾಪ್‌ಚಾಟ್‌ನಂಥವು ಆ ಸಂಕೇತಕ್ಕೆ ಹೊಂದುವ ಚಿತ್ರವನ್ನು ಹುಡುಕಿ ತೆಗೆಯುತ್ತವೆ. ವಾಟ್ಸ್‌ಆಪ್ ಚಾಟಿನ ಒಳಗೆ ಇದು ನಡೆಯುವುದಿಲ್ಲ.

ಇನ್ನು ಪೊಲೀಸ್ ಸ್ಟೇಷನ್. ‘ಮಲಯಾಳ ಬರುವುದಿಲ್ಲ, ಅಲ್ಲಿ ಹೋಗಿ ಎಂತ ಹೇಳುವುದು’ ಎಂದು ಹಿಂದೆ ಸರಿಯುವವರು ನಮ್ಮಲ್ಲಿ ಬಹಳ. ಹಿಂದೆ ಸರಿಯಬೇಡಿ. ಕಾಸರಗೋಡು ಭಾಷಾ ಅಲ್ಪಸಂಖ್ಯಾತ ಪ್ರದೇಶ. ದೂರನ್ನು ಕನ್ನಡದಲ್ಲೇ ಬರೆದು ಕೊಡಬಹುದು. ಲೈಂಗಿಕ ಕಿರುಕುಳದ ವಿಷಯವಾದರೆ ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾನೂನು ಮಗುವಿನ ಬೆನ್ನಿಗಿದೆ. ಮಗುವಿಗೆ ತಿಳಿಯದ ಭಾಷೆಯಲ್ಲಿ ಬರೆದುಕೊಳ್ಳುವುದಾದರೆ ದುಭಾಷಿಯನ್ನು ಕೊಡಬೇಕು. ಹೇಳಿಕೆಯನ್ನು ಮನೆಯಲ್ಲೋ ಮಗು ಹೇಳಿದ ಜಾಗದಲ್ಲೋ ತೆಗೆದುಕೊಳ್ಳಬೇಕು. ಬರುವ ಅಧಿಕಾರಿ ಯೂನಿಫಾರ್ಮಿನಲ್ಲಿ ಇರಬಾರದು, ಸಾಧ್ಯವಾದಷ್ಟೂ ಮಹಿಳಾ ಎಸ್‌ಐ ಆಗಿರಬೇಕು. ಮಗುವನ್ನು ರಾತ್ರಿ ಸ್ಟೇಷನ್ನಿನಲ್ಲಿ ಇರಿಸಿಕೊಳ್ಳುವ ಹಾಗಿಲ್ಲ. ಹೆಸರು, ಫೋಟೋ, ಶಾಲೆ ಯಾವುದನ್ನೂ ಪತ್ರಿಕೆಯವರು ಹಾಕುವಂತಿಲ್ಲ.

ಬರೆದುಕೊಂಡದ್ದನ್ನು ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿ. ಎಫ್‌ಐಆರ್ ಪ್ರತಿ ಕೇಳಿ ಪಡೆಯಿರಿ. ಅದಕ್ಕೆ ದುಡ್ಡು ಕೊಡಬೇಕಾಗಿಲ್ಲ.